ಝುರಾಬ್ ಆಡದ ಮಾತು

1998ರ ಚಳಿಗಾಲದಲ್ಲಿ ನಾನು ಪುಣೆಯ ಒಂದು ಖಾಸಗಿ ಕುಸ್ತಿ ಸಂಸ್ಥೆಯಲ್ಲಿ ಪ್ರಚಾರಾಧಿಕಾರಿಯಾಗಿದ್ದೆ. ಆ ಸಂಸ್ಥೆ ಈಗ ಇಲ್ಲ. ಇದ್ದಿದ್ದರೂ ಅದರ ಹೆಸರು ಬರೆಯುತ್ತಿರಲಿಲ್ಲ. ಇಲ್ಲಿ ಹೇಳಹೊರಟಿರುವ ತಪ್ಪು ಮುಖ್ಯವಾಗಿ ನನ್ನದು. ಅದನ್ನು ಬೇರೆಯವರ ಜೊತೆ ಹಂಚಿಕೊಂಡು ಹಗುರ ಮಾಡಿಕೊಳ್ಳುವ ಆಸೆ ಈಗ ಉಳಿದಿಲ್ಲ.

ನನಗೆ ಎರಡು ಕೆಲಸಗಳಿದ್ದವು. ವಾರವಿಡೀ ಪತ್ರಿಕೆಗಳಿಗೆ ಪ್ರೆಸ್ ನೋಟ್ ಬರೆದು ಕಳಿಸುವುದು ಒಂದು. ಪಂದ್ಯದ ದಿನ ನಿವೇದಕನಾಗಿ ನಿಲ್ಲುವುದು ಇನ್ನೊಂದು. ನಿವೇದಕ ಎಂದರೆ ಕಣದ ಪಕ್ಕ ಮೈಕ್ ಹಿಡಿದು, ಜೋಡಿ ಯಾರದು, ಹಾಕಿದ ಪಟ್ಟು ಯಾವುದು ಎಂದು ಜನಕ್ಕೆ ವಿವರಿಸುವವನು. ಅಫಜಲಪುರ ಕಡೆಯಿಂದ ಗೌಂಡಿಯಾಗಿ ಕಟ್ಟಡ ಕೆಲಸಕ್ಕೆ ಬಂದ ನನ್ನ ಅಪ್ಪ ಯೆರವಡಾದ ಒಂದು ಕೂಲಿಗಾರರ ವಸ್ತಿಯಲ್ಲಿ ನೆಲೆ ನಿಂತಿದ್ದ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಎರಡೂ ಭಾಷೆಯಲ್ಲಿ ಜನರನ್ನು ಕುಣಿಸಬಲ್ಲೆ ಎಂಬ ಕಾರಣಕ್ಕೇ ಸಂಸ್ಥೆಯ ಮಾಲೀಕರಾದ ಜಗತಾಪ್ ಸಾಹೇಬರು ನನ್ನನ್ನು ಇಟ್ಟುಕೊಂಡಿದ್ದರು. ಏಕೆಂದರೆ ನಮ್ಮ ಪ್ರೇಕ್ಷಕರಲ್ಲಿ ಮಾರ್ಕೆಟ್ ಯಾರ್ಡ್‌ನ ಕನ್ನಡದ ಹಮಾಲರು, ಕಟ್ಟಡ ಕೆಲಸದವರು ಬಹಳ ಮಂದಿ ಇದ್ದರು.

ಆ ದಿನಗಳಲ್ಲಿ ನಮ್ಮ ಗ್ಯಾಲರಿ ಖಾಲಿಯಾಗತೊಡಗಿತ್ತು. ಬಣ್ಣಬಣ್ಣದ ಚಡ್ಡಿ ತೊಟ್ಟು ಹಗ್ಗದ ಮೇಲಿಂದ ಹಾರುವ ಪರದೇಶದ ಜಟ್ಟಿಗಳು ಕೇಬಲ್ ಟಿವಿಯಲ್ಲಿ ಮನೆಮನೆಗೆ ಬಂದಿದ್ದರು. ಜಗತಾಪ್ ಸಾಹೇಬರು ಯೋಚಿಸಿ, ನಾವೂ ಹೊರದೇಶದ ಪೈಲ್ವಾನರನ್ನು ಕರೆಸೋಣ, ಆದರೆ ನಿಜವಾದ ಕುಸ್ತಿ ಆಡುವವರನ್ನೇ ಕರೆಸೋಣ ಎಂದು ತೀರ್ಮಾನಿಸಿದರು. ಮೂವರ ಜೊತೆ ಕರಾರು ಆಯಿತು. ಇಬ್ಬರ ವೀಸಾ ತಡವಾಯಿತು. ಮೊದಲು ಬಂದು ಇಳಿದವನು ಜಾರ್ಜಿಯಾದ ಝುರಾಬ್. ಇಪ್ಪತ್ತನಾಲ್ಕು ವರ್ಷ, ನೂರಾನಾಲ್ಕು ಕಿಲೋ, ಹೂಕೋಸಿನಂತೆ ಮುದುಡಿದ ಕಿವಿಗಳು.

ಸುದ್ದಿ ಹೊರಬಿದ್ದ ವಾರ ನನ್ನ ಮೇಜಿನ ಮೇಲೆ ಪೋಸ್ಟ್ ಕಾರ್ಡುಗಳು ಗುಡ್ಡೆ ಬಿದ್ದವು. ಅಭಿಮಾನಿಗಳ ಪ್ರತಿಕ್ರಿಯೆಯನ್ನು ಓದಿ ವಿಂಗಡಿಸಿ ಸಾಹೇಬರಿಗೆ ವರದಿ ಮಾಡುವುದೂ ನನ್ನ ಕೆಲಸವೇ. ಭೋರ್‌ನ ಒಬ್ಬ ನಿವೃತ್ತ ಮೇಷ್ಟ್ರು, ಈ ಜಾರ್ಜಿಯಾ ಅಮೆರಿಕದಲ್ಲಿದೆಯೋ ರಷ್ಯಾದ ಪಕ್ಕದಲ್ಲಿದೆಯೋ ಸ್ಪಷ್ಟಪಡಿಸಬೇಕು, ಶಾಲೆಯ ಅಟ್ಲಾಸ್ ಹಳೆಯದು ಎಂದು ಬರೆದಿದ್ದರು. ಒಬ್ಬ, ಅವನು ದಿನಕ್ಕೆಷ್ಟು ಹಾಲು ಕುಡಿಯುತ್ತಾನೆ ಎಂದು ಕೇಳಿದ್ದ. ನಮ್ಮ ತಾಲೀಮಿನ, ಅಂದರೆ ಗರಡಿಮನೆಯ ಹುಡುಗರಿಗೆ ಬಾದಾಮಿ ಸಿಗುತ್ತಿಲ್ಲ, ನೀವು ಹೊರಗಿನವರನ್ನು ಸಾಕುತ್ತೀರಾ ಎಂದು ಸಿಟ್ಟಾದವರೂ ಇದ್ದರು. ನಮ್ಮ ಆಫೀಸಿನ ಕೆಳಗಿದ್ದ ಉಡುಪಿ ಹೋಟೆಲಿನ ಶೆಟ್ಟರು ಕಾಫಿ ತಂದಿಡುವಾಗ, “ಏನೇ ಆಗಲಿ ಮಾರಾಯ್ರೇ, ಒಮ್ಮೆ ನೋಡಿಕೊಂಡು ಬರುವ ಅಂತ ನಮ್ಮ ಹುಡುಗರೆಲ್ಲ ರಜೆ ಕೇಳ್ತಾ ಇದ್ದಾರೆ” ಅಂದಿದ್ದರು. ಒಟ್ಟಿನಲ್ಲಿ ಕುತೂಹಲವೇ ಹೆಚ್ಚಿತ್ತು. ದ್ವೇಷ ಇರಲಿಲ್ಲ. ಈ ಮಾತನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಮುಂದೆ ಎಲ್ಲರೂ ಜನರ ದ್ವೇಷದ ಬಗ್ಗೆಯೇ ಮಾತಾಡಿದರು.

ಅಭಿಮಾನಿಗಳಲ್ಲಿ ನನಗೆ ತೀರ ಹತ್ತಿರದವನು ಶರಣಪ್ಪ. ಆಳಂದ ಕಡೆಯವನು, ಮಾರ್ಕೆಟ್ ಯಾರ್ಡ್‌ನಲ್ಲಿ ಹಮಾಲ, ವಯಸ್ಸು ಮೂವತ್ತೈದರ ಆಸುಪಾಸು. ಮೊದಲು ತಾನೂ ಕುಸ್ತಿ ಆಡುತ್ತಿದ್ದ; ಮೊಣಕಾಲು ಹೋದಮೇಲೆ ಹಲಗಿ, ಅಂದರೆ ತಮಟೆ ಹಿಡಿದಿದ್ದ. ಪಂದ್ಯದ ದಿನ ಅವನ ಹಲಗಿಯ ಸದ್ದು ಏರಿದರೆ ಪೈಲ್ವಾನರ ತೋಳು ತಾನಾಗಿ ಏಳುತ್ತಿತ್ತು. ಝುರಾಬ್ ಬಂದ ಮೂರನೇ ಬೆಳಿಗ್ಗೆಯೇ ತಾಲೀಮಿಗೆ ಬಂದು, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಕಸರತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

“ಅಣ್ಣಾರ, ಇವರ ಊರಾಗೂ ಕುಸ್ತಿಗೆ ಹಲಗಿ ಬಾರಸ್ತಾರೇನ್ರಿ?”

ದುಭಾಷಿ ಸುಮಿತ್ರಾ ಮೇಡಂ ಈ ಪ್ರಶ್ನೆಯನ್ನು ರಷ್ಯನ್‌ನಲ್ಲಿ ಕೇಳಿದರು. ಮೇಡಂ ಧಾರವಾಡದವರು, ಮದುವೆಯಾಗಿ ಪುಣೆಗೆ ಬಂದು ಇಲ್ಲಿ ರಷ್ಯನ್ ಕಲಿಸುತ್ತಿದ್ದರು. ಝುರಾಬ್‌ಗೆ ರಷ್ಯನ್ ಬರುತ್ತಿತ್ತು. ಪ್ರಶ್ನೆ ಕೇಳಿದ್ದೇ ತಡ ಅವನು ಎದ್ದು ಬಂದು, ಶರಣಪ್ಪನ ಕೈಯಿಂದ ಹಲಗಿ ಇಸಿದುಕೊಂಡು, ಅದನ್ನು ತೊಡೆಯ ಮೇಲಿಟ್ಟು ಬೆರಳಿನಿಂದ ಬಾರಿಸತೊಡಗಿದ. ಬಡಿತ ನಮ್ಮದಲ್ಲ, ಆದರೆ ಕಾಲು ಕುಣಿಸುವಂಥದ್ದು. ಅವರ ಊರಲ್ಲಿ ಡೋಲು, ಓಲಗದ ಸದ್ದಿಲ್ಲದೆ ಕುಸ್ತಿ ಶುರುವಾಗುವುದೇ ಇಲ್ಲವಂತೆ.

“ನಮ್ಮಂವ ಆದ ನೋಡ್ರಿ!” ಅಂದ ಶರಣಪ್ಪ.

ಅಂದಿನಿಂದ ಅವನು ದಿನಾ ಬರತೊಡಗಿದ. ಹೆಂಡತಿ ಮಹಾದೇವಿ ಬಡಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಝುರಾಬ್ ಎಂಟು ರೊಟ್ಟಿ ತಿನ್ನುತ್ತಿದ್ದ. ಹೆಸರು ಪೂರ್ತಿ ಹೇಳಲು ಬಾರದೆ “ಶರನ್, ಶರನ್” ಎಂದು ಕರೆಯುತ್ತಿದ್ದ. ಇಬ್ಬರ ನಡುವೆ ಒಂದು ಭಾಷೆಯೂ ಇರಲಿಲ್ಲ. ಆದರೂ ಅರ್ಧ ಗಂಟೆ ಕೂತು ನಗುತ್ತಿದ್ದರು.

ಪಂದ್ಯಕ್ಕೆ ಹತ್ತು ದಿನ ಉಳಿದಿತ್ತು. ನದಿ ಪಾತ್ರದ ಮೈದಾನದಲ್ಲಿ ಬೊಂಬು, ಮರದ ಹಲಗೆಗಳ ತಾತ್ಕಾಲಿಕ ಗ್ಯಾಲರಿ ಏಳುತ್ತಿತ್ತು. ಆಫೀಸಿನ ಗೋಡೆಯ ಮೇಲೆ ಆಸನಗಳ ನಕ್ಷೆ. ಬುಕಿಂಗ್ ಆದ ಚೌಕಗಳಿಗೆ ಕೆಂಪು ಬಣ್ಣ ಹಚ್ಚುವ ರೂಢಿ. ಅರ್ಧಕ್ಕಿಂತ ಹೆಚ್ಚು ಭಾಗ ಬಿಳಿಯಾಗಿಯೇ ಇತ್ತು. ಸಾಹೇಬರು ಅದರ ಮುಂದೆ ನಿಂತು ಮರಾಠಿಯಲ್ಲಿ ಅಂದರು: “ಬಸವರಾಜ, ಅತಿಥಿಯನ್ನ ನೋಡೋಕೆ ಜನ ಬರಲ್ಲ. ಶತ್ರುವನ್ನ ನೋಡೋಕೆ ಬರ್ತಾರೆ. ನೀನು ಇವನನ್ನ ಊರಿನ ಅಳಿಯನ ಹಾಗೆ ತೋರಿಸ್ತಾ ಇದ್ದೀಯ.”

ಅವರು ಹೇಳಿದ್ದು ಅಷ್ಟೇ. ಸುಳ್ಳು ಬರೆ ಎಂದು ಅವರು ಹೇಳಲಿಲ್ಲ.

ಮರುದಿನ ಪತ್ರಿಕಾಗೋಷ್ಠಿ ಇಟ್ಟಿದ್ದೆವು. ಅಂದೇ ಕ್ರಿಕೆಟ್ ಪಂದ್ಯವಿದ್ದುದರಿಂದ ಒಬ್ಬ ಪತ್ರಕರ್ತನೂ ಬರಲಿಲ್ಲ. ಕುರ್ಚಿಗಳ ಸಾಲಿನ ಎದುರು ಝುರಾಬ್, ಮೇಡಂ, ನಾನು. ನಾನೇ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡೆ. ಪ್ರೆಸ್ ನೋಟ್ ಮಾಡಿ ಕಳಿಸಿದರೆ ಆಯಿತೆಂದು. ನಮ್ಮ ಕೆಂಪು ಮಣ್ಣಿನ ಕಣ ಹೇಗನ್ನಿಸಿತು ಎಂದು ಕೇಳಿದೆ. ಅವನು ಹೇಳಿದ್ದನ್ನು ಮೇಡಂ ನಿಧಾನವಾಗಿ ಕನ್ನಡಕ್ಕೆ ತಂದರು:

“ಅವ ಹೇಳ್ತಾನ, ಮಣ್ಣಿಗೆ ಎಣ್ಣಿ, ಅರಿಶಿಣ, ಮಜ್ಜಿಗಿ ಹಾಕಿ ಹದಾ ಮಾಡೂದ ನೋಡಿದ್ನಂತ. ಮೊದಲನೇ ದಿನಾ ಗೊತ್ತಿಲ್ಲದ ಬೂಟ್ ಹಾಕ್ಕೊಂಡು ಅದರ ದಂಡಿಗೆ ಹೋಗಿಬಿಟ್ನಂತ. ವಸ್ತಾದರು ಬೈಲಿಲ್ಲ, ಬರೇ ಕೈ ಮಾಡಿ ತೋರಿಸಿದ್ರಂತ. ಭಾಳ ನಾಚಿಕಿ ಆತಂತ ಅವಗ.”

ವಸ್ತಾದ ಎಂದರೆ ತಾಲೀಮಿನ ಗುರು. ಈ ಮಾತುಗಳನ್ನು ಹಾಗೇ ಬರೆದಿದ್ದರೆ ಓದಿದ ಯಾರಿಗಾದರೂ ಹಿತವಾಗುತ್ತಿತ್ತು. ನಾನು ಆಫೀಸಿಗೆ ಬಂದು ಕೂತೆ. ಎದುರಿಗೆ ಬಿಳಿ ಚೌಕಗಳ ನಕ್ಷೆ. ಕಾಗದದ ಮೇಲೆ ಬೂಟು ಎಂಬ ಪದ ಇತ್ತು, ಮಣ್ಣು ಎಂಬ ಪದ ಇತ್ತು. ಎರಡನ್ನೂ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟೆ. “ಈ ಮಣ್ಣಿಗಿಳಿಯಲು ನಾನೇಕೆ ಬೂಟು ಬಿಚ್ಚಬೇಕು?” ಎಂದು ಝುರಾಬ್ ಕೇಳಿದನೆಂದು ಬರೆದೆ. ಮರಾಠಿಯಲ್ಲಿ ಬರೆದು ಒಂದು ಸಲ ಗಟ್ಟಿಯಾಗಿ ಓದಿಕೊಂಡೆ. ಕಿವಿಗೆ ಚೆನ್ನಾಗಿತ್ತು. ಈಗ ನೆನೆದರೆ ಮೈ ಮುದುಡುವುದು ಬರೆದದ್ದಕ್ಕಿಂತ ಆಗ ನನಗಾದ ಸಂತೋಷಕ್ಕೆ.

ಎರಡು ದಿನಗಳಲ್ಲಿ ಆ ಸಾಲು ಎಲ್ಲ ಕಡೆ ಬಂತು. ಸುದ್ದಿಯ ತಲೆಬರಹವೇ ಅದು. ಪೋಸ್ಟ್ ಕಾರ್ಡುಗಳು ಈಗ ಚೀಲದಲ್ಲಿ ಬಂದವು. ಮೊದಲ ಸುತ್ತಿನಲ್ಲಿ ಅಟ್ಲಾಸ್ ಹಳೆಯದೆಂದಿದ್ದ ಭೋರ್‌ನ ಮೇಷ್ಟ್ರು, ಇಂಥವನನ್ನು ಮಣ್ಣು ಮುಟ್ಟಿಸದೆ ವಾಪಸ್ ಕಳಿಸಿ ಎಂದು ಬರೆದರು. ಒಂದು ತಾಲೀಮಿನವರು ಹಳೆಯ ಬೂಟುಗಳ ಹಾರ ಮಾಡಿ ನಮ್ಮ ಗೇಟಿಗೆ ನೇತುಹಾಕಿದರು. ಗೋಡೆಯ ನಕ್ಷೆ ನಾಲ್ಕೇ ದಿನಗಳಲ್ಲಿ ಪೂರ್ತಿ ಕೆಂಪಾಯಿತು. ಸಾಹೇಬರು ಎಲ್ಲರೆದುರಿಗೆ ನನ್ನ ಬೆನ್ನು ತಟ್ಟಿದರು.

ಸುಮಿತ್ರಾ ಮೇಡಂ ಪತ್ರಿಕೆ ಹಿಡಿದು ಬಂದರು. ಕೂರಲಿಲ್ಲ.

“ಅವ ಹಂಗಂದಿಲ್ರೀ, ಬಸವರಾಜ.”

“ಪ್ರಚಾರ ಮೇಡಂ. ಪಂದ್ಯ ಮುಗಿದ ಮೇಲೆ ಇಬ್ಬರೂ ತಬ್ಬಿಕೊಳ್ತಾರೆ, ಜನ ಮರೀತಾರೆ.”

“ಆಡಿದ ಮಾತಿಗೆ ನಾನು ಜವಾಬ್ದಾರಿ. ದುಭಾಷಿ ಅಂತ ನನ್ನ ಹೆಸರೂ ಹಾಕೀರಿ ಕೆಳಗ. ತಿದ್ದುಪಡಿ ಕಳಸ್ರಿ.”

ಪಂದ್ಯ ಮುಗಿದ ಕೂಡಲೇ ಕಳಿಸುತ್ತೇನೆಂದು ಮಾತು ಕೊಟ್ಟೆ. ಝುರಾಬ್‌ಗೆ ಈ ವಿಷಯ ಹೇಳಬೇಡಿ, ಅವನ ಮನಸ್ಸು ಕೆಡುತ್ತದೆ ಎಂದೂ ಬೇಡಿಕೊಂಡೆ. ಅವರು ಒಪ್ಪಲಿಲ್ಲ, ಒಪ್ಪದೆಯೂ ಇರಲಿಲ್ಲ; ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅವನಿಗೆ ಹೇಳದೆ ಉಳಿದದ್ದು ತಮ್ಮ ತಪ್ಪು ಎಂದು ಮೇಡಂ ಆಮೇಲೆ ಎಷ್ಟೋ ಸಲ ಅಂದದ್ದುಂಟು.

ಅದೇ ಮಧ್ಯಾಹ್ನ ಶರಣಪ್ಪ ಬಂದ. ಓದಲು ಬಾರದವನು, ಮಾರ್ಕೆಟ್ ಯಾರ್ಡ್‌ನ ಅಡತಿ ಅಂಗಡಿಯಲ್ಲಿ ಯಾರೋ ಓದಿ ಹೇಳಿದ್ದರು. ಎರಡು ದಿನದಿಂದ ತಾಲೀಮಿಗೆ ಬಂದಿರಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

“ಅಣ್ಣಾರ, ಖರೇ ಅಂದಾನೇನ್ರಿ ಅವ? ಮಂದಿ ಏನರ ಅನ್ಲಿ. ನೀವು ಅಲ್ಲೇ ಇದ್ರಿ. ನೀವು ಹೇಳ್ರಿ, ನಾ ನಂಬ್ತೀನಿ.”

ಇಪ್ಪತ್ತು ವರ್ಷಗಳ ನನ್ನ ಕೆಲಸದಲ್ಲಿ ಇಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಲ್ಲ ಎಂಬ ಎರಡೇ ಅಕ್ಷರ. ಅಷ್ಟು ಹೇಳಿದ್ದರೆ ಅವನು ಸಂಜೆಯೊಳಗೆ ಇಡೀ ಮಾರ್ಕೆಟ್ ಯಾರ್ಡ್‌ಗೆ ಸಾರುತ್ತಿದ್ದ. ಅದೇ ನನ್ನ ಭಯವಾಗಿತ್ತು. ನಾನು ಅವನ ಮುಖ ನೋಡದೆ ಕಾಗದ ಜೋಡಿಸುತ್ತ ಅಂದೆ:

“ಪೇಪರಿನ್ಯಾಗ ಬಂದದಲ್ಲೋ ಶರಣಪ್ಪ.”

“ನನ್ನ ಮನಿ ರೊಟ್ಟಿ ತಿಂದಾನಲ್ರಿ” ಅಂದ. ನನಗೆ ಹೇಳಿದ್ದಲ್ಲ ಅದು. ಟವೆಲ್ ಹೆಗಲಿಗೆ ಹಾಕಿಕೊಂಡು ಇಳಿದು ಹೋದ.

ಪಂದ್ಯ ನಡೆದದ್ದು ಭಾನುವಾರ ಮಧ್ಯಾಹ್ನ ಮೂರೂವರೆಗೆ. ಗ್ಯಾಲರಿ ತುಂಬಿ ಜನ ಬೊಂಬುಗಳ ಮೇಲೆಲ್ಲ ಹತ್ತಿದ್ದರು. ಝುರಾಬ್‌ಗೆ ಎದುರಾಳಿ ಭೋರ್ ಕಡೆಯ ತಾನಾಜಿ, ಮಾತು ಕಡಿಮೆಯ ಒಳ್ಳೆಯ ಪೈಲ್ವಾನ. ಝುರಾಬ್ ಬರಿಗಾಲಲ್ಲಿ ಬಂದ. ವಸ್ತಾದರು ಕಲಿಸಿದ್ದಂತೆ ಕಣದ ಅಂಚಿನಲ್ಲಿ ಬಗ್ಗಿ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ನಮ್ಮಲ್ಲಿ ಇದಕ್ಕೆ ಸಲಾಮಿ ಅನ್ನುತ್ತಾರೆ. ಜನಕ್ಕೆ ಅದು ಅಣಕದಂತೆ ಕಂಡಿತು. ಸೀಟಿ, ಬೈಗುಳ, ಕಿವಿ ಕಿತ್ತುಹೋಗುವಂಥ ಕೂಗು. ಅವನು ತಬ್ಬಿಬ್ಬಾಗಿ, ಸರಿಯಾಗಿ ಮಾಡಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಬಗ್ಗಿ ಮುಟ್ಟಿದ. ಕೂಗು ಇಮ್ಮಡಿಯಾಯಿತು.

ಮೈಕ್ ನನ್ನ ಕೈಯಲ್ಲಿತ್ತು. ಮೇಡಂ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಅವರು ಏನು ಬಯಸುತ್ತಿದ್ದಾರೆಂದು ನನಗೆ ತಿಳಿಯಿತು. ನಾನು ಬಾಯಿ ತೆರೆದೆ, ಆದರೆ ಹೊರಬಂದದ್ದು ಹಳೆಯ ರೂಢಿಯ ಮಾತು:

“ಬೂಟು ಬಿಚ್ಚೋದಿಲ್ಲ ಅಂದವರು ಇವತ್ತು ಬರಿಗಾಲಲ್ಲಿ ಬಂದಿದ್ದಾರೆ ನೋಡ್ರಪ್ಪೋ!”

ಮೊದಲು ಚಪ್ಪಲಿಗಳು ಬಿದ್ದವು. ಆಮೇಲೆ ನೀರಿನ ಪೊಟ್ಟಣಗಳು. ತಾನಾಜಿ ಎರಡೂ ಕೈಗಳನ್ನು ಮೇಲೆತ್ತಿ, ಸಾಕು ಸಾಕು ಎಂದು ಜನರ ಕಡೆ ಕೂಗುತ್ತ ಝುರಾಬ್‌ನ ಮುಂದೆ ಬಂದು ನಿಂತ. ಅವನ ಹೆಗಲ ಮೇಲಿಂದಲೇ ಇಟ್ಟಂಗಿಯ ಚೂರೊಂದು ಹಾದು ಬಂದು ಝುರಾಬ್‌ನ ಎಡಗಣ್ಣಿಗೆ ಬಡಿಯಿತು. ಅಷ್ಟು ದೊಡ್ಡ ದೇಹ ಸದ್ದಿಲ್ಲದೆ ಮೊಣಕಾಲೂರಿತು. ಕಣ್ಣಿಗೆ ಒತ್ತಿದ ಬೆರಳುಗಳ ಸಂದಿನಿಂದ ರಕ್ತ ಮಣ್ಣಿಗೆ ಸುರಿಯಿತು.

ಎಸೆದವನು ಓಡಲಿಲ್ಲ. ಪೊಲೀಸರು ಹತ್ತಿರ ಹೋಗುವವರೆಗೂ ಗ್ಯಾಲರಿಯ ಎರಡನೇ ಸಾಲಿನಲ್ಲಿ ನಿಂತೇ ಇದ್ದ. ಶರಣಪ್ಪ.

ಠಾಣೆಯಲ್ಲಿ ಸಾಕ್ಷಿಯಾಗಿ ನನ್ನ ಹೇಳಿಕೆ ಪಡೆದರು. ಬರೆದುಕೊಳ್ಳುತ್ತಿದ್ದ ಅಧಿಕಾರಿ, “ಈ ಬೂಟಿನ ಮಾತು ಎಲ್ಲಿಂದ ಬಂತು?” ಎಂದು ಕೇಳಿದರು. ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು ಎಂದೆ. ಅದು ಸುಳ್ಳಲ್ಲ. ಅದನ್ನೇ ಬರೆದುಕೊಂಡರು, ನಾನು ಸಹಿ ಹಾಕಿದೆ. ಹೊರಗೆ ಬೆಂಚಿನ ಮೇಲೆ ಶರಣಪ್ಪ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಯಾವಾಗಲೂ ನಿಲ್ಲುವ ಹಾಗೆ. ನಾನು ಆ ಕಡೆ ತಿರುಗದೆ ಮೆಟ್ಟಿಲಿಳಿದೆ.

ಮೂರನೇ ದಿನ ಆಸ್ಪತ್ರೆಗೆ ಹೋದೆ. ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು. ಎಡಗಣ್ಣಿನ ದೃಷ್ಟಿ ಬಹುತೇಕ ಹೋಗಿದೆ, ಬೆಳಕು ಕತ್ತಲೆ ಗೊತ್ತಾದರೆ ಹೆಚ್ಚು ಎಂದು ವೈದ್ಯರು ಹೇಳಿದ್ದರು. ಝುರಾಬ್ ದಿಂಬಿಗೊರಗಿ ಕೂತಿದ್ದ. ನನ್ನನ್ನು ಕಂಡು ಒಂದು ಮಾತು ಕೇಳಿದ. ಮೇಡಂ ಅದನ್ನು ಕನ್ನಡದಲ್ಲಿ ಹೇಳುವಾಗ ನನ್ನ ಮುಖ ನೋಡಲಿಲ್ಲ.

“ಮಣ್ಣ ಮುಟ್ಟೂದ್ರಾಗ ಏನರ ತಪ್ಪು ಮಾಡಿದ್ನೇನು ಅಂತ ಕೇಳ್ತಾನ. ಎಡಗೈಲೆ ಮುಟ್ಟಿದ್ನೇನೋ, ಅದಕ್ಕ ಮಂದಿ ಸಿಟ್ಟಾದ್ರೇನೋ ಅಂತಾನ.”

“ಇಲ್ಲ ಇಲ್ಲ, ಯಾರೋ ಒಬ್ಬ ಕುಡುಕ ಎಸೆದ ಅಂತ ಹೇಳಿ ಮೇಡಂ.”

ಝುರಾಬ್ ನಮ್ಮಿಬ್ಬರನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದ.

“ಈ ಮಾತು ನಾ ಹೇಳೂದಿಲ್ರೀ” ಅಂದರು ಮೇಡಂ. “ಖರೇ ಹೇಳ್ರಿ, ಅದನ್ನ ಹೇಳ್ತೀನಿ. ಇಲ್ಲಾಂದ್ರ ಬೇರೆ ದುಭಾಷಿನ್ನ ಹುಡುಕ್ಕೋರಿ.”

ನಿಜ ಹೇಳುವ ಧೈರ್ಯ ಬರಲಿಲ್ಲ. ತಂದಿದ್ದ ಹಣ್ಣಿನ ಚೀಲವನ್ನು ಸ್ಟೂಲಿನ ಮೇಲಿಟ್ಟು ಹೊರಬಂದೆ. ನಾನು ಹೋದ ಮೇಲೆ ಮೇಡಂ ಅವನಿಗೆ, ನೀನು ತಪ್ಪು ಮಾಡಿಲ್ಲ, ಕೈ ಸರಿಯಾಗಿಯೇ ಇತ್ತು ಎಂದು ಮಾತ್ರ ಹೇಳಿದರಂತೆ. ಉಳಿದದ್ದನ್ನು ಹೇಳಬೇಕಾದವರು ನೀವು ಎಂದು ಆಮೇಲೆ ನನಗೆ ಅಂದರು. ಎರಡು ವಾರದ ನಂತರ ಅವನು ಮುಂಬಯಿಯಿಂದ ವಿಮಾನ ಹತ್ತಿದಾಗ ಬೀಳ್ಕೊಡಲು ಹೋದವರು ಮೇಡಂ ಮತ್ತು ತಾನಾಜಿ. ಉಳಿದ ಇಬ್ಬರು ಪೈಲ್ವಾನರ ಕರಾರು ರದ್ದಾಯಿತು. ತಿದ್ದುಪಡಿ ಕಳಿಸುತ್ತೇನೆಂದು ಕೊಟ್ಟ ಮಾತು ಹಾಗೇ ಉಳಿಯಿತು.

ಒಂದು ತಿಂಗಳು ಕಳೆದಿರಬೇಕು. ಶರಣಪ್ಪನ ಹೆಂಡತಿ ಮಹಾದೇವಿ ಆಫೀಸಿಗೆ ಬಂದಳು. ಶರಣಪ್ಪ ಯೆರವಡಾ ಜೈಲಿನಲ್ಲಿ ವಿಚಾರಣೆಗೆ ಕಾಯುತ್ತಿದ್ದ, ಜಾಮೀನು ಸಿಕ್ಕಿರಲಿಲ್ಲ. ಅವಳು ಸೆರಗು ಸರಿಪಡಿಸಿಕೊಂಡು ನೆಲದ ಮೇಲೆ ಕೂರಹೊರಟಳು. ಕುರ್ಚಿ ಕೊಟ್ಟೆ.

“ಅಣ್ಣಾರ, ನೀವು ಬರಿಯೂದು ಕಲತವ್ರು. ಕೋರ್ಟಿಗೆ ಒಂದು ಅರ್ಜಿ ಬರಕೊಡ್ರಿ. ಆ ಪರದೇಶದಂವ ನಮ್ಮ ಮಣ್ಣಿಗೆ ಬೂಟ್ ತೋರಸ್ದ, ಅದಕ್ಕ ನಮ್ಮವರಿಗೆ ಸಿಟ್ಟು ತಡೀಲಿಲ್ಲ ಅಂತ. ಜಡ್ಜ್ ಸಾಹೇಬ್ರಿಗೆ ತಿಳೀಬೇಕ್ರಿ, ನಮ್ಮವರು ಗೂಂಡಾ ಅಲ್ಲ ಅಂತ.”

ಕಾಗದ ತೆಗೆದುಕೊಂಡೆ. ದಿನಾಂಕ ಹಾಕಿದೆ, ಸನ್ಮಾನ್ಯ ನ್ಯಾಯಾಧೀಶರಿಗೆ ಎಂದು ಬರೆದೆ. ಮುಂದಿನ ಸಾಲು ನಾನೇ ಕಟ್ಟಿದ ಸುಳ್ಳು. ಅದನ್ನು ಈಗ ಈ ಹೆಂಗಸಿನ ಬಾಯಲ್ಲಿಟ್ಟು, ಅವಳ ಹೆಬ್ಬೆಟ್ಟು ಒತ್ತಿಸಿ ನ್ಯಾಯಾಲಯಕ್ಕೆ ಕಳಿಸಬೇಕಿತ್ತು. ಕೈ ಮುಂದೆ ಹೋಗಲಿಲ್ಲ. ನಾಳೆ ಬರೆದುಕೊಡುತ್ತೇನೆ ತಾಯಿ ಅಂದೆ. ಅವಳು ಕೈಮುಗಿದು ಹೋದಳು. ಅವಳು ಕೈಮುಗಿದದ್ದನ್ನು ತಡೆದುಕೊಳ್ಳಲಾಗದೆ ಮರುದಿನ ನಾನು ಹೋದದ್ದು ಯೆರವಡಾ ಜೈಲಿಗೆ.

ಜಾಳಿಗೆಯ ಆಚೆ ಶರಣಪ್ಪ ಇಳಿದುಹೋಗಿದ್ದ. ಅಕ್ಕಪಕ್ಕ ಭೇಟಿಗೆ ಬಂದವರು ಕೂಗಾಡುತ್ತಿದ್ದುದರಿಂದ ನಾನೂ ಗಟ್ಟಿಯಾಗಿ ಹೇಳಬೇಕಾಯಿತು. ಝುರಾಬ್ ಹಾಗನ್ನಲಿಲ್ಲ, ಬೂಟಿನ ಮಾತು ನಾನು ಬರೆದದ್ದು ಎಂದೆ. ಅವನಿಗೆ ಕೇಳಿಸಲಿಲ್ಲವೋ ನಂಬಲಾಗಲಿಲ್ಲವೋ, ಎರಡನೇ ಸಲ ಹೇಳಿಸಿದ.

“ಹಂಗಾದ್ರ ಅವ ಅಂದೇ ಇಲ್ಲೇನ್ರಿ?”

“ಇಲ್ಲ.”

“ನಾ ಬಂದು ಕೇಳಿದ್ನಲ್ರಿ ನಿಮ್ಮನ್ನ.”

“ಕೇಳಿದ್ದಿ.”

ಜಾಳಿಗೆ ಹಿಡಿದಿದ್ದ ಬೆರಳುಗಳನ್ನು ತೆಗೆದ. ಬೈದಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಇಲ್ಲಿ ಬಂದ ಮ್ಯಾಲೆ ನನ್ನ ಹತ್ರ ಸಿಟ್ಟರ ಇತ್ರಿ ಅಣ್ಣಾರ. ತಪ್ಪು ಮಾಡೀನಿ, ಖರೆ, ಆದರ ಮಣ್ಣಿನ ಸಲುವಾಗಿ ಮಾಡೀನಿ ಅಂತ ಮಲಗತಿದ್ದೆ. ಅದನ್ನೂ ತಗೊಂಡ್ರಿ ಇವತ್ತ.”

ಅಂದೇ ರಾಜೀನಾಮೆ ಕೊಟ್ಟೆ. ಶರಣಪ್ಪನ ವಕೀಲರ ಮೂಲಕ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದೆ. ಮೇಡಂ ಕೂಡ ಹೇಳಿದರು. ಪ್ರಚೋದನೆ ಇದ್ದರೂ ಇಟ್ಟಂಗಿ ಎಸೆದ ಕೈ ಆರೋಪಿಯದೇ ಎಂದಿತು ನ್ಯಾಯಾಲಯ. ಶಿಕ್ಷೆ ಕಡಿಮೆಯಾಯಿತು, ತಪ್ಪಲಿಲ್ಲ. ಎಲ್ಲ ಪತ್ರಿಕೆಗಳಿಗೂ ತಿದ್ದುಪಡಿ ಬರೆದೆ. ಒಂದು ಪತ್ರಿಕೆ ಒಳಪುಟದಲ್ಲಿ ನಾಲ್ಕು ಸಾಲು ಹಾಕಿತು. ಜಗತಾಪ್ ಸಾಹೇಬರು ಒಂದು ಮಾತೂ ಆಡಲಿಲ್ಲ. ವರ್ಷದೊಳಗೆ ಸಂಸ್ಥೆ ಮುಚ್ಚಿತು. ಆಮೇಲೆ ನಾನು ಕಾಗದಪತ್ರಗಳ ಅನುವಾದಕ್ಕೆ ಇಳಿದೆ. ಮರಾಠಿ, ಕನ್ನಡ, ಇಂಗ್ಲಿಷ್; ಕರಾರುಪತ್ರ, ಶಾಲೆಯ ದಾಖಲೆ, ವಾರಸುದಾರಿಕೆಯ ಅರ್ಜಿ.

ಝುರಾಬ್‌ಗೆ ಪತ್ರ ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ಅವನು ಹೇಳಿದ್ದು ಏನು, ನಾನು ಬರೆದದ್ದು ಏನು, ಮೈಕಿನಲ್ಲಿ ಕೂಗಿದ್ದು ಏನು, ಎಲ್ಲವನ್ನೂ ಬರೆದೆ. ಇಟ್ಟಂಗಿ ಎಸೆದವನ ಹೆಸರು ಬರೆಯಲಿಲ್ಲ. ಅದು ನನ್ನ ತಪ್ಪಿನ ಪತ್ರವಾಗಿತ್ತು, ಅವನದಲ್ಲ. ಮೇಡಂ ರಷ್ಯನ್‌ಗೆ ತಂದರು. ಏಳೆಂಟು ತಿಂಗಳ ಮೇಲೆ ಉತ್ತರ ಬಂತು, ಅರ್ಧ ಹಾಳೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ, ಕಣ್ಣು ಹೋದದ್ದು ಕುಸ್ತಿಯಲ್ಲಿ ಎಂದು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ, ಇನ್ನು ಬದಲಾಯಿಸುವುದಿಲ್ಲ ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ಹಲಗಿಯ ಶರನ್‌ಗೆ ನನ್ನ ನಮಸ್ಕಾರ ತಿಳಿಸಿ.

ಮೇಡಂ ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

ಶರಣಪ್ಪ ಅಷ್ಟರಲ್ಲಿ ಬಿಡುಗಡೆಯಾಗಿ ಒಂದು ವರ್ಷ ಆಗಿತ್ತು. ಮಾರ್ಕೆಟ್ ಯಾರ್ಡ್‌ನ ಹಳೆಯ ಟೋಳಿ, ಅಂದರೆ ಅವನ ಹಮಾಲರ ತಂಡ, ಅವನನ್ನು ಮತ್ತೆ ಸೇರಿಸಿಕೊಂಡಿರಲಿಲ್ಲ. ಒಂದು ಇಟ್ಟಂಗಿ ಸಾಗಿಸುವ ಟೆಂಪೋದಲ್ಲಿ ಕೆಲಸಕ್ಕಿದ್ದ. ಕುಸ್ತಿ ನೋಡುವುದು ಬಿಟ್ಟಿದ್ದ. ನಮಸ್ಕಾರವನ್ನು ತಲುಪಿಸಬೇಕೋ ಬೇಡವೋ ಎಂದು ಹದಿನೈದು ದಿನ ಒದ್ದಾಡಿದೆ. ಅವನ ಒಳ್ಳೆಯದಕ್ಕೆಂದು ಮುಚ್ಚಿಡುವುದೂ ನನ್ನ ಹಳೆಯ ಕಸುಬೇ ಅನ್ನಿಸಿ, ಒಂದು ಮುಂಜಾನೆ ಮನೆಗೆ ಹೋಗಿ ಹೇಳಿಬಿಟ್ಟೆ. ಅವನು ಹೊಸ್ತಿಲ ಮೇಲೆ ಕೂತ.

“ಎಸೆದಂವ ನಾ ಅಂತ ಅವಗ ಗೊತ್ತಿಲ್ಲೇನ್ರಿ?”

“ಗೊತ್ತಿಲ್ಲ. ನಾನು ಬರೀಲಿಲ್ಲ.”

ಒಳಗೆ ಮಹಾದೇವಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಶರಣಪ್ಪ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

“ಬರೀರಿ ಈಗ. ನಾ ಹೇಳಿದಷ್ಟ ಬರೀರಿ. ಮ್ಯಾಲೊಂದು ಮಾತು ಹಾಕಬ್ಯಾಡ್ರಿ, ಒಂದು ಮಾತು ಬಿಡಬ್ಯಾಡ್ರಿ.”

ಅವನು ಹೇಳಿದ್ದು ಐದೇ ಸಾಲು. ಅದು ಅವನ ಮತ್ತು ಝುರಾಬ್‌ನ ನಡುವಿನ ಮಾತು, ಇಲ್ಲಿ ಬರೆಯುವುದಿಲ್ಲ. ಬರೆದು ಓದಿ ಹೇಳಿದೆ. ಒಂದು ಕಡೆ ನಾನು ಅವನ ಮಾತನ್ನು ಕೊಂಚ ಮೆತ್ತಗೆ ಮಾಡಿದ್ದೆ. ಬೇಕೆಂದು ಮಾಡಿದ್ದಲ್ಲ, ಕೈ ಹಾಗೆ ಹೋಗಿತ್ತು. ಅವನು ತಡೆದು, “ನಾ ಹಂಗಂದಿಲ್ರೀ” ಅಂದ. ತಿದ್ದಿದೆ. ಮತ್ತೆ ಓದಿಸಿದ. ಹೂಂ ಅಂದು ಹೆಬ್ಬೆಟ್ಟು ಒತ್ತಿದ.

ಆ ಪತ್ರಕ್ಕೆ ಉತ್ತರ ಬರಲಿಲ್ಲ. ಬರಬೇಕೆಂದು ಶರಣಪ್ಪ ಕಾದಂತೆಯೂ ಕಾಣಲಿಲ್ಲ.

ಆ ಕಾಲದ ಬಗ್ಗೆ ಮಾತು ಬಂದಾಗ, ಪುಣೆಯ ಕುಸ್ತಿ ಅಭಿಮಾನಿಗಳು ಹೊರಗಿನವನನ್ನು ಸಹಿಸಲಿಲ್ಲ ಎಂದು ಈಗಲೂ ಕೆಲವರು ಹೇಳುತ್ತಾರೆ. ನಾನು ತಡೆದು ನಡೆದದ್ದನ್ನು ಹೇಳುತ್ತೇನೆ. ಹೇಳುವಾಗ ಪ್ರತಿಸಲವೂ ನಾಚಿಕೆಯಾಗುತ್ತದೆ, ಅದು ವರ್ಷಗಳಿಂದ ಕಡಿಮೆಯಾಗಿಲ್ಲ. ವೃತ್ತಿಯಿಂದ ಕಲಿತದ್ದೆಂದು ಹೇಳಬಹುದಾದದ್ದು ಒಂದೇ ಅಭ್ಯಾಸ. ನಿವೃತ್ತನಾಗುವವರೆಗೂ ಯಾರ ಮಾತನ್ನು ಕಾಗದಕ್ಕಿಳಿಸಿದರೂ ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ನಾನು ಹೀಗಂದಿಲ್ಲ ಎಂದು ಅವರು ಅನ್ನಲು ಸಾಕಷ್ಟು ಹೊತ್ತು ಕಾಯುತ್ತಿದ್ದೆ. ಆಮೇಲೆಯೇ ಸಹಿ.